ಸೇತುವೆ ಕಟ್ಟಿದ ಲೆಫ್ಟಿನೆಂಟ್, ಪೆನ್ಶನ್ ಕೇಸಿನ ಜಡ್ಜ್

(ಧಾರವಾಡದಲ್ಲಿ ಮಾಜಿ ಸೈನಿಕರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಯಾವುದೇ ಕ್ರಿಮಿನಲ್ ಕೋರ್ಟಿನಲ್ಲಿ ಅರ್ಧ ತಾಸು ಕೂತು ಬನ್ನಿ, ‘ಸಂಶಯಾತೀತವಾಗಿ’ ಎಂಬ ಮಾತು ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. ಸರ್ಕಾರಿ ವಕೀಲರು ಸಾಬೀತಾಗಿದೆ ಅನ್ನುತ್ತಾರೆ, ಆರೋಪಿಯ ವಕೀಲರು ‘ಸಂಶಯದ ಲಾಭ’ ಕೇಳುತ್ತಾರೆ. ಇಬ್ಬರೂ ತಮ್ಮ ಮಾತಿನ ಬೆನ್ನಿಗೆ ಒಂದೇ ಹಳೆಯ ತೀರ್ಪಿನ ಹೆಸರು ಹೇಳುವುದುಂಟು: ಮಿಲ್ಲರ್ ವಿರುದ್ಧ ಮಿನಿಸ್ಟರ್ ಆಫ್ ಪೆನ್ಶನ್ಸ್, 1947. ಹಿಂದಿನ ಸಾಲಿನ ವಿದ್ಯಾರ್ಥಿಗಳು ತಲೆಯಾಡಿಸುತ್ತಿದ್ದೀರಿ, ಪರೀಕ್ಷೆಗೆ ಓದಿರುತ್ತೀರಿ. ಆ ಹೆಸರನ್ನು ಇನ್ನೊಮ್ಮೆ ಸಾವಕಾಶ ಓದಿ ನೋಡಿ. ಅದರಲ್ಲಿ ಕೊಲೆ ಎಲ್ಲಿದೆ? ದರೋಡೆ ಎಲ್ಲಿದೆ? ಪ್ರತಿವಾದಿ ಪೆನ್ಶನ್ ಖಾತೆಯ ಮಂತ್ರಿ. ಸೈನ್ಯದಲ್ಲಿದ್ದ ಒಬ್ಬಾತ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡ. ಅವನ ಹೆಂಡತಿ ಪೆನ್ಶನ್ ಕೇಳಿದಳು. ಈ ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಎಂದಿತು ಇಲಾಖೆ. ಸಂಶಯ ಎಂದರೆ ಎಷ್ಟು ಸಂಶಯ ಎಂಬ ಅಳತೆ ಹುಟ್ಟಿದ್ದು ಆ ಜಗಳದಲ್ಲಿ.

ಮುಂದಿನ ಸಾಲಿನಲ್ಲಿ ಕೂತ ಮಾಜಿ ಸೈನಿಕರಿಗೆ ಇದನ್ನು ಹೇಳಲೇಬೇಕು. ಇವತ್ತು ಪ್ರತಿ ಆರೋಪಿಗೂ ನೆರಳಾಗಿರುವ ಆ ಅಳತೆ ನಿಮ್ಮಂಥವರ ಪೆನ್ಶನ್ ಕಾಗದದಿಂದ ಬಂತು. ಬರೆದವರೂ ನಿಮ್ಮಂಥವರೇ, ಮೊದಲು ಸೈನ್ಯ, ಆಮೇಲೆ ಹೈಕೋರ್ಟು. ಹೆಸರು ಆಲ್ಫ್ರೆಡ್ ಥಾಂಪ್ಸನ್ ಡೆನ್ನಿಂಗ್.

1899ರ ಜನವರಿ 23ರಂದು ಇಂಗ್ಲೆಂಡಿನ ಹ್ಯಾಂಪ್‌ಶೈರಿನ ವಿಟ್‌ಚರ್ಚ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಬಟ್ಟೆ ಅಂಗಡಿಯವರು, ತಾಯಿ ಮದುವೆಗೆ ಮುಂಚೆ ಶಾಲೆಯ ಶಿಕ್ಷಕಿ. ಮನೆಯಲ್ಲಿ ಐದು ಜನ ಗಂಡುಮಕ್ಕಳು. ಹಿರಿಯ ಅಣ್ಣ ಜಾಕ್ 1916ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಸತ್ತ. ಇನ್ನೊಬ್ಬ ಅಣ್ಣ ಗಾರ್ಡನ್ ನೌಕಾಪಡೆ ಸೇರಿ, ಜಟ್‌ಲ್ಯಾಂಡ್ ಸಮರ ನೋಡಿ, 1918ರಲ್ಲಿ ಕ್ಷಯದಿಂದ ತೀರಿಕೊಂಡ. ಉಳಿದವರಲ್ಲಿ ರೆಜಿನಾಲ್ಡ್ ಲೆಫ್ಟಿನೆಂಟ್ ಜನರಲ್ ಆದರು, ಕಿರಿಯ ನಾರ್ಮನ್ ವೈಸ್ ಅಡ್ಮಿರಲ್. ಗಾರ್ಡನ್ ಸತ್ತದ್ದು ಗುಂಡಿನಿಂದಲ್ಲ, ಸೇವೆಯ ಕಾಲದಲ್ಲಿ ಬಂದ ರೋಗದಿಂದ. ಪೆನ್ಶನ್ ಕೇಸುಗಳ ಮಾತು ಬಂದಾಗ ಇದನ್ನು ನೆನಪಿಡಿ.

1916ರಲ್ಲಿ ಡೆನ್ನಿಂಗ್ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಗಣಿತ ಓದಲು ಸೇರಿದರು. ಸೈನ್ಯದ ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು ಎದೆಯಲ್ಲಿ ಮರ್ಮರ ಸದ್ದು ಇದೆ ಎಂದು ಅನ್‌ಫಿಟ್ ಮಾಡಿದರು. ಹುಡುಗ ಸುಮ್ಮನಿರಲಿಲ್ಲ, ಮೇಲ್ಮನವಿ ಹಾಕಿ ಫಿಟ್ ಆದ. ಅವನ ಬದುಕಿನ ಮೊದಲ ಅಪೀಲು ಅದೇ ಇರಬೇಕು. 1917ರ ನವೆಂಬರಿನಲ್ಲಿ ರಾಯಲ್ ಎಂಜಿನಿಯರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್, 38ನೇ ವೆಲ್ಷ್ ಡಿವಿಷನ್ನಿನ 151ನೇ ಫೀಲ್ಡ್ ಕಂಪನಿ.

ಫೀಲ್ಡ್ ಕಂಪನಿ ಎಂದರೆ ಏನು ಎಂದು ಇಲ್ಲಿರುವ ಸ್ಯಾಪರ್‌ಗಳಿಗೆ, ಅಂದರೆ ಸೈನ್ಯದ ಎಂಜಿನಿಯರ್ ದಳದವರಿಗೆ, ಹೇಳಬೇಕಿಲ್ಲ, ಉಳಿದವರಿಗೆ ಒಂದು ಮಾತು. ಸುಮಾರು ಇನ್ನೂರು ಜನರ ತಂಡ. ಕಂದಕ, ರಸ್ತೆ, ನೀರು, ಸೇತುವೆ, ಎಲ್ಲ ಅವರ ಪಾಲಿಗೆ. ಪದಾತಿದಳ ಮುಂದೆ ಹೋಗಬೇಕಾದರೆ ಇವರು ಅದಕ್ಕಿಂತ ಮುಂಚೆ ಹೋಗಿರಬೇಕು. 1918ರ ಮಾರ್ಚಿನಲ್ಲಿ ಜರ್ಮನರ ದೊಡ್ಡ ದಾಳಿ, ಆಗಸ್ಟಿನಲ್ಲಿ ಮಿತ್ರಪಡೆಗಳ ಮರುದಾಳಿ. ಆಲ್ಬರ್ಟ್ ಊರಿನ ಹತ್ತಿರ ಆಂಕರ್ ಎಂಬ ಹೊಳೆ ದಾಟಬೇಕಿತ್ತು. ಹೊಳೆ ಸಣ್ಣದು, ಆದರೆ ಶೆಲ್ಲು ಬಿದ್ದು ಬಿದ್ದು ದಂಡೆ ಒಡೆದು ಸುತ್ತೆಲ್ಲ ಕೆಸರಾಗಿತ್ತು. ಇಂಥಲ್ಲಿ ತೊಂದರೆ ಕೊಡುವುದು ನೀರಿನ ಅಗಲ ಅಲ್ಲ, ಎರಡೂ ಬದಿಯ ಮೆತ್ತನೆಯ ನೆಲ. ಕಾಲು ಊರಲು ಗಟ್ಟಿ ಜಾಗ ಸಿಗದಿದ್ದರೆ ಸೇತುವೆ ಎಷ್ಟು ಭಾರ ತಡೆದೀತು ಎಂಬ ಲೆಕ್ಕವೇ ಕೆಡುತ್ತದೆ. ಎರಡು ದಿನ ನಿದ್ದೆಯಿಲ್ಲದೆ ಡೆನ್ನಿಂಗರ ಜನ ಸೇತುವೆ ಕಟ್ಟಿದರು, ಜರ್ಮನ್ ವಿಮಾನವೊಂದು ಬಂದು ಬಾಂಬು ಹಾಕಿ ಕೆಡವಿತು. ಮತ್ತೆ ಮೊದಲಿನಿಂದ ಕಟ್ಟಿದರು. ಯುದ್ಧ ಮುಗಿಯುವ ಹೊತ್ತಿಗೆ ಡೆನ್ನಿಂಗ್ ಇನ್‌ಫ್ಲುಯೆಂಜಾ ಹತ್ತಿ ಆಸ್ಪತ್ರೆಯಲ್ಲಿದ್ದರು. 1919ರ ಫೆಬ್ರವರಿಯಲ್ಲಿ ಬಿಡುಗಡೆ.

ಮುಂದಿನ ಹಾದಿ ಸೀದಾ ಇರಲಿಲ್ಲ. 1920ರಲ್ಲಿ ಗಣಿತದಲ್ಲಿ ಫಸ್ಟ್ ಕ್ಲಾಸ್, ವಿಂಚೆಸ್ಟರ್ ಕಾಲೇಜಿನಲ್ಲಿ ವರ್ಷಕ್ಕೆ 350 ಪೌಂಡ್ ಸಂಬಳದ ಮಾಸ್ತರಿಕೆ. ತಾವು ಓದೇ ಇರದ ಭೂವಿಜ್ಞಾನವನ್ನೂ ಅಲ್ಲಿ ಕಲಿಸಿದರು. ಬೇಸರ ಬಂತು. ಆ ಊರಿನ ಕೋಟೆಯಲ್ಲಿ ನಡೆಯುತ್ತಿದ್ದ ಕೋರ್ಟಿನ ಕಲಾಪ ನೋಡಿ ವಕೀಲನಾಗಬೇಕೆಂದು ತೀರ್ಮಾನಿಸಿದರು. ಮತ್ತೆ ಆಕ್ಸ್‌ಫರ್ಡ್, 1922ರಲ್ಲಿ ಕಾನೂನಿನಲ್ಲೂ ಫಸ್ಟ್ ಕ್ಲಾಸ್, 1923ರ ಜೂನಿನಲ್ಲಿ ಲಿಂಕನ್ಸ್ ಇನ್ನಿನಿಂದ ಬ್ಯಾರಿಸ್ಟರ್. 1938ರಲ್ಲಿ ಕಿಂಗ್ಸ್ ಕೌನ್ಸೆಲ್, ನಮ್ಮಲ್ಲಿ ಸೀನಿಯರ್ ಅಡ್ವೊಕೇಟ್ ಅನ್ನುತ್ತೇವಲ್ಲ ಹಾಗೆ. 1944ರ ಮಾರ್ಚಿನಲ್ಲಿ, 45ನೇ ವಯಸ್ಸಿಗೆ, ಹೈಕೋರ್ಟ್ ನ್ಯಾಯಾಧೀಶ.

ಇಲ್ಲಿ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಅಡ್ಡದಾರಿ. ಸೈನ್ಯದಲ್ಲಿದ್ದವರು ನಮ್ಮಲ್ಲಿ ಹೈಕೋರ್ಟ್ ಜಡ್ಜ್ ಆಗಬಹುದೇ ಎಂದು ಮೊದಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಆಗಬಹುದು, ಆದರೆ ಸೈನ್ಯದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಸಂವಿಧಾನದ 217ನೇ ವಿಧಿ ಕೇಳುವುದು ಭಾರತದಲ್ಲಿ 10 ವರ್ಷ ನ್ಯಾಯಾಂಗ ಹುದ್ದೆ, ಇಲ್ಲವೇ ಹೈಕೋರ್ಟ್ ವಕೀಲನಾಗಿ 10 ವರ್ಷ. ಡೆನ್ನಿಂಗರಿಗೂ ಅಷ್ಟೇ, ಸೇತುವೆ ಕಟ್ಟಿದ್ದು ಅರ್ಹತೆಯಾಗಲಿಲ್ಲ, ಇಪ್ಪತ್ತು ವರ್ಷದ ವಕೀಲಿಕೆ ಆಯಿತು. ಸೈನ್ಯದೊಳಗೇ ಕಾನೂನಿನ ಕೆಲಸ ಬೇಕೆಂದರೆ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗ ಇದೆ, ಅಂದರೆ ‘ಜ್ಯಾಗ್’. ಎಲ್‌ಎಲ್‌ಬಿಯಲ್ಲಿ ಕನಿಷ್ಠ 55%, ವಯಸ್ಸು 21ರಿಂದ 27, ಚೆನ್ನೈನಲ್ಲಿ 49 ವಾರ ತರಬೇತಿ. ಹೆಚ್ಚಿನವರು ಎಡವುವುದು ವಯಸ್ಸಿನಲ್ಲಿ. ಫಲಿತಾಂಶ ತಡವಾಯಿತು, ಒಂದು ವಿಷಯ ಉಳಿಯಿತು ಅನ್ನುವಷ್ಟರಲ್ಲಿ 27 ದಾಟಿರುತ್ತದೆ.

ಮತ್ತೆ ಡೆನ್ನಿಂಗರಿಗೆ ಬರೋಣ. 1943ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಯುದ್ಧ ಪೆನ್ಶನ್ನಿನ ಹೊಸ ರಾಜಾಜ್ಞೆ ಹೊರಡಿಸಿತ್ತು. ಅದರಲ್ಲಿ ಒಂದು ದೊಡ್ಡ ಬದಲಾವಣೆ ಇತ್ತು: ನನ್ನ ರೋಗ ಸೇವೆಯಿಂದಲೇ ಬಂತು ಎಂದು ಸೈನಿಕ ಸಾಬೀತು ಮಾಡಬೇಕಿಲ್ಲ, ಯಾವುದೇ ಸಮಂಜಸ ಸಂಶಯ ಇದ್ದರೆ ಅದರ ಲಾಭ ಅವನಿಗೇ. ಅದೇ ವರ್ಷದ ಕಾಯ್ದೆಯ ಪ್ರಕಾರ ಪೆನ್ಶನ್ ನ್ಯಾಯಮಂಡಳಿಯ ತೀರ್ಪಿನ ಮೇಲೆ ಕಾನೂನಿನ ಪ್ರಶ್ನೆ ಇದ್ದರೆ ಹೈಕೋರ್ಟಿನ ಒಬ್ಬ ನಿಯೋಜಿತ ನ್ಯಾಯಾಧೀಶರ ಮುಂದೆ ಅಪೀಲು. 1945ರಲ್ಲಿ ಆ ಕೆಲಸ ಡೆನ್ನಿಂಗರಿಗೆ ಬಂತು.

ನಿಯಮ ಬದಲಾದರೂ ಮಂಡಳಿಗಳ ರೂಢಿ ಬದಲಾಗಿರಲಿಲ್ಲ. ‘ನಿನ್ನ ರೋಗ ಸೇವೆಯಿಂದ ಬಂತು ಎನ್ನಲು ಪುರಾವೆ ಎಲ್ಲಿ?’ ಎಂದು ಸೈನಿಕನನ್ನೇ ಕೇಳಿ ಅರ್ಜಿ ವಜಾ ಮಾಡುತ್ತಿದ್ದವು. ಸ್ಟಾರ್ ಎಂಬ ಕೇಸಿನಲ್ಲಿ ಡೆನ್ನಿಂಗ್ ಇದನ್ನು ತಿದ್ದಿದರು. ಸೇರುವಾಗ ಫಿಟ್ ಎಂದು ತೆಗೆದುಕೊಂಡಿದ್ದೀರಿ, ಆ ಕಾಗದದಲ್ಲಿ ಈ ರೋಗದ ಸುದ್ದಿ ಇಲ್ಲ, ಬಿಡುವಾಗ ರೋಗ ಇದೆ. ಹಾಗಾದರೆ ಸೇವೆಯಲ್ಲಿ ಬಂದದ್ದಲ್ಲ ಎಂದು ತೋರಿಸುವ ಹೊರೆ ಮಂತ್ರಿಯದು. ಮುಂದೆ 1947ರ ಮಿಲ್ಲರ್ ಕೇಸಿನಲ್ಲಿ ಆ ಹೊರೆಯ ತೂಕ ಎಷ್ಟು ಎಂದು ಹೇಳಿದರು. ಎಲ್ಲ ಸಂಶಯದ ನೆರಳೂ ಅಳಿಯಬೇಕಿಲ್ಲ. ‘ಸಾಧ್ಯವೇನೋ ಹೌದು, ಆದರೆ ಸ್ವಲ್ಪವೂ ಸಂಭವನೀಯವಲ್ಲ’ ಎಂದು ತಳ್ಳಿಹಾಕಬಹುದಾದ ದೂರದ ಸಾಧ್ಯತೆ ಮಾತ್ರ ಉಳಿದಿದ್ದರೆ ಸಾಬೀತಾದಂತೆ. ಅದಕ್ಕಿಂತ ಒಂದು ಗುಂಜಿ ಕಡಿಮೆಯಾದರೂ ಸಾಬೀತಾಗಿಲ್ಲ. ಕ್ರಿಮಿನಲ್ ಕೇಸಿಗೂ ಇದೇ ಅಳತೆ ಎಂದು ಅಲ್ಲೇ ಹೇಳಿದ್ದರಿಂದ ನಮ್ಮ ಸೆಷನ್ಸ್ ಕೋರ್ಟುಗಳವರೆಗೆ ಬಂತು.

ಈಗ ಆ ಮರ್ಮರ ಸದ್ದಿನ ವಿಷಯಕ್ಕೆ. ಡೆನ್ನಿಂಗರಿಗೆ ಮುಂದೆ ಸೇವೆಯಲ್ಲೇ ಹೃದಯದ ತೊಂದರೆ ಆಗಿದ್ದರೆ, ಅವರೇ ಬರೆದ ನಿಯಮದ ಲಾಭ ಅವರಿಗೆ ಪೂರ್ತಿ ಸಿಗುತ್ತಿರಲಿಲ್ಲ. ಯಾಕಂದರೆ ಸೇರುವ ಮೊದಲಿನ ತಪಾಸಣೆಯಲ್ಲೇ ಅದು ದಾಖಲಾಗಿತ್ತು. ‘ಸೇರುವಾಗ ಟಿಪ್ಪಣಿ ಇತ್ತೇ ಇಲ್ಲವೇ’ ಎಂಬ ಒಂದೇ ಪ್ರಶ್ನೆಯ ಮೇಲೆ ಇವತ್ತಿಗೂ ಅರ್ಧ ಕೇಸು ನಿಂತಿರುತ್ತದೆ.

ಇನ್ನೊಂದು ತೀರ್ಪು 1948ರದು, ಕರ್ನಲ್ ರಾಬರ್ಟ್‌ಸನ್ ಅವರದು. ನನ್ನ ಅಂಗವೈಕಲ್ಯ ಸೇವೆಯಿಂದ ಆದದ್ದೇ ಎಂದು ಅವರು ಯುದ್ಧ ಇಲಾಖೆಗೆ ಬರೆದು ಕೇಳಿದರು, ಹೌದು ಒಪ್ಪಿದೆ ಎಂದು ಕಾಗದ ಬಂತು. ಅದನ್ನು ನಂಬಿ ಬೇರೆ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳಲಿಲ್ಲ. ವರ್ಷಗಳ ನಂತರ ಪೆನ್ಶನ್ ಇಲಾಖೆ ತಿರುಗಿಬಿತ್ತು: ಮೊದಲಿನ ಕಾಗದ ಬರೆದದ್ದು ಬೇರೆ ಇಲಾಖೆ, ನಾವಲ್ಲ. ಡೆನ್ನಿಂಗ್ ಒಪ್ಪಲಿಲ್ಲ. ಯಾವ ಇಲಾಖೆಗೆ ಯಾವ ಅಧಿಕಾರ ಎಂದು ತಿಳಿಯುವುದು ಸೈನಿಕನ ಕೆಲಸವಲ್ಲ, ಸರ್ಕಾರ ಕೊಟ್ಟ ಮಾತು ಸರ್ಕಾರವನ್ನು ಕಟ್ಟಿಹಾಕುತ್ತದೆ ಎಂದರು.

ಇದರ ಬೇರು 1946ರ ಹೈ ಟ್ರೀಸ್ ಕೇಸಿನಲ್ಲಿದೆ. ವಿದ್ಯಾರ್ಥಿಗಳಿಗೆ ಬಾಯಿಪಾಠ, ಉಳಿದವರಿಗೆ ಹುಬ್ಬಳ್ಳಿಯ ಉದಾಹರಣೆ ಕೊಡುತ್ತೇನೆ. ದುರ್ಗದಬೈಲಿನಲ್ಲಿ ಒಂದು ಅಂಗಡಿ, ತಿಂಗಳ ಬಾಡಿಗೆ 20,000 ಎಂದುಕೊಳ್ಳಿ. 2020ರ ಲಾಕ್‌ಡೌನಿನಲ್ಲಿ ಮಾಲಕರು ‘ಇರಲಿ ಬಿಡ್ರಿ, ಅರ್ಧ ಕೊಡ್ರಿ’ ಅಂದರು. ಅಂಗಡಿಯವರು ಆ ಮಾತು ನಂಬಿ ಅರ್ಧ ಕೊಟ್ಟರು. ವ್ಯಾಪಾರ ಮೊದಲಿನಂತೆ ಆದಮೇಲೆ ಮಾಲಕರು ಪೂರ್ತಿ ಬಾಡಿಗೆ ಕೇಳಬಹುದೇ? ಮುಂದಿನದು ಕೇಳಬಹುದು. ಹಿಂದೆ ಬಿಟ್ಟ ಅರ್ಧವನ್ನು ಬಾಕಿ ಎಂದು ವಸೂಲಿಗೆ ಬರುವಂತಿಲ್ಲ. ಲಂಡನ್ನಿನ ಕೇಸಿನಲ್ಲಿ ಒಂದು ಫ್ಲ್ಯಾಟ್ ಕಟ್ಟಡ, ವರ್ಷಕ್ಕೆ 2,500 ಪೌಂಡ್ ಬಾಡಿಗೆ, ಯುದ್ಧದಲ್ಲಿ ಮನೆ ಖಾಲಿಯಾದ್ದರಿಂದ 1940ರಲ್ಲಿ 1,250ಕ್ಕೆ ಇಳಿಸಿದ್ದರು. 1945ರಲ್ಲಿ ಮನೆಗಳು ತುಂಬಿದವು. ತುಂಬಿದಮೇಲಿನ ಪೂರ್ತಿ ಬಾಡಿಗೆಯನ್ನು ಡೆನ್ನಿಂಗ್ ಕೊಡಿಸಿದರು, ಯುದ್ಧಕಾಲದ್ದನ್ನು ಕೇಳಿದ್ದರೆ ಸಿಗುತ್ತಿರಲಿಲ್ಲ ಎಂದರು.

ರಾಬರ್ಟ್‌ಸನ್ ತೀರ್ಪಿನ ವಿಸ್ತಾರವಾದ ಮಾತನ್ನು ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 1951ರಲ್ಲಿ ಒಪ್ಪಲಿಲ್ಲ. ಅದಕ್ಕೆ ಹೆಚ್ಚು ಮಾನ ಸಿಕ್ಕಿದ್ದು ನಮ್ಮಲ್ಲಿ. 1967ರ ಆಂಗ್ಲೋ ಅಫ್ಘಾನ್ ಏಜೆನ್ಸೀಸ್, 1978ರ ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆ ತೀರ್ಪುಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಸರ್ಕಾರವೂ ಕೊಟ್ಟ ಮಾತಿಗೆ ಬದ್ಧ ಎಂಬುದನ್ನು ಗಟ್ಟಿ ಮಾಡಿತು.

1948ರಲ್ಲಿ ಡೆನ್ನಿಂಗ್ ಕೋರ್ಟ್ ಆಫ್ ಅಪೀಲಿಗೆ ಹೋದರು, 1957ರಲ್ಲಿ ಹೌಸ್ ಆಫ್ ಲಾರ್ಡ್ಸಿನ ನ್ಯಾಯಾಧೀಶರಾಗಿ ಲಾರ್ಡ್, 1962ರಿಂದ 1982ರವರೆಗೆ ಮಾಸ್ಟರ್ ಆಫ್ ದ ರೋಲ್ಸ್, ಅಂದರೆ ಕೋರ್ಟ್ ಆಫ್ ಅಪೀಲಿನ ಸಿವಿಲ್ ಕೇಸುಗಳ ಮುಖ್ಯ ನ್ಯಾಯಾಧೀಶ. ಹೊಗಳಿಕೆ ಸಾಕಷ್ಟು ಕೇಳಿದ್ದೀರಿ, ಆದ್ದರಿಂದ ಇನ್ನೊಂದು ಬದಿ. ಎರಡನೇ ಮಹಾಯುದ್ಧದಲ್ಲಿ ವಿಚಾರಣೆಯಿಲ್ಲದೆ ಬಂಧಿಸುವ 18ಬಿ ನಿಯಮದ ಕೆಲಸ ಮಾಡಿದ ಸರ್ಕಾರಿ ಕಾನೂನು ಸಲಹೆಗಾರರಲ್ಲಿ ಅವರೂ ಒಬ್ಬರು, ನಾಜಿಗಳ ಪರ ಇದ್ದ ಒಬ್ಬ ಪಾದ್ರಿಯನ್ನು ಹಾಗೆಯೇ ಒಳಗೆ ಹಾಕಿಸಿದರು. 1980ರಲ್ಲಿ ಬರ್ಮಿಂಗ್‌ಹ್ಯಾಮ್ ಬಾಂಬ್ ಕೇಸಿನ ಆರು ಕೈದಿಗಳು ಪೊಲೀಸರು ನಮ್ಮನ್ನು ಹೊಡೆದರು ಎಂದು ದಾವೆ ಹಾಕಿದರು. ಇವರು ಗೆದ್ದರೆ ಪೊಲೀಸರು ಸುಳ್ಳು ಸಾಕ್ಷಿ ಹೇಳಿದಂತಾಗುತ್ತದೆ, ಅದು ಎಷ್ಟು ಭಯಾನಕ ನೋಟ ಎಂದು ಡೆನ್ನಿಂಗ್ ದಾವೆಯನ್ನೇ ಮುಂದುವರಿಯಲು ಬಿಡಲಿಲ್ಲ. 1991ರಲ್ಲಿ ಆ ಆರು ಜನರ ಶಿಕ್ಷೆ ರದ್ದಾಯಿತು, ಅಷ್ಟರಲ್ಲಿ 16 ವರ್ಷ ಜೈಲಿನಲ್ಲಿ ಕಳೆದಿದ್ದರು. ಮಂತ್ರಿಯ ತಲೆಯ ಮೇಲೆ ಹೊರೆ ಹೊರಿಸಿದ ಕೈಯೇ ಪೊಲೀಸರ ತಲೆಯಿಂದ ಹೊರೆ ಇಳಿಸಿತು. ಕಪ್ಪುವರ್ಣದ ಜ್ಯೂರಿಗಳ ಬಗ್ಗೆ ಪುಸ್ತಕದಲ್ಲಿ ಬರೆದ ಮಾತು ದೊಡ್ಡ ಗದ್ದಲವಾಗಿ 1982ರಲ್ಲಿ ನಿವೃತ್ತರಾದರು. ನೂರು ತುಂಬಿಸಿಕೊಂಡು 1999ರ ಮಾರ್ಚಿನಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ ಆ ಇಪ್ಪತ್ತು ವರ್ಷದ ಪ್ರಸಿದ್ಧಿಗಿಂತ ಹೈಕೋರ್ಟಿನ ನಾಲ್ಕು ವರ್ಷವೇ ದೊಡ್ಡದು.

ಈಗ ಹಾವೇರಿ, ಗದಗ, ಧಾರವಾಡದ ಮನೆಗಳಿಗೆ ಬರೋಣ. ನಿಮ್ಮಲ್ಲಿ ಹಲವರ ಬಿಡುಗಡೆ ಕಾಗದದ ಮೇಲೆ ‘ನಾನಾ’ ಎಂದು ಬರೆದಿರುತ್ತದೆ. ‘ನೈದರ್ ಅಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’ ಎಂಬುದರ ಮೊದಲಕ್ಷರಗಳು: ರೋಗ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಜೊತೆಗೆ ‘ಕಾನ್‌ಸ್ಟಿಟ್ಯೂಷನಲ್’ ಎಂಬ ಪದ. ಸಂವಿಧಾನಕ್ಕೂ ಅದಕ್ಕೂ ಸಂಬಂಧವಿಲ್ಲ, ನಿಮ್ಮ ದೇಹಪ್ರಕೃತಿಯೇ ಹಾಗೆ ಎಂದರ್ಥ.

ಸೈನಿಕರ ವೈಕಲ್ಯ ಪೆನ್ಶನ್ನಿಗೆ ಯಾರು ಅರ್ಹರು ಎಂದು ಹೇಳುವ 1982ರ ನಮ್ಮ ಎಂಟೈಟಲ್‌ಮೆಂಟ್ ನಿಯಮ ಓದಿ, 1943ರ ರಾಜಾಜ್ಞೆಯ ದನಿಯೇ ಕೇಳುತ್ತದೆ. 9ನೇ ನಿಯಮ: ಅರ್ಜಿದಾರ ಸಾಬೀತು ಮಾಡಬೇಕಿಲ್ಲ, ಸಮಂಜಸ ಸಂಶಯದ ಲಾಭ ಅವನಿಗೆ. 14ನೇ ನಿಯಮ: ಸೇರುವಾಗ ಟಿಪ್ಪಣಿ ಇರದ ರೋಗದಿಂದ ಬಿಡುಗಡೆಯಾದರೆ ಅದು ಸೇವೆಯಲ್ಲಿ ಹುಟ್ಟಿದ್ದೆಂದೇ ಎಣಿಕೆ. ಆಗಿನ ತಪಾಸಣೆಯಲ್ಲಿ ಪತ್ತೆಯಾಗುವಂಥದ್ದಲ್ಲ ಎಂದು ವೈದ್ಯರು ಹೇಳುವುದಾದರೆ ಕಾರಣ ಬರೆಯಬೇಕು. 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹಿಡಿಯಿತು. ಅವರು ಸಿಗ್ನಲ್ಸ್‌ನ ಸಿಪಾಯಿ, 1985ರಲ್ಲಿ ಸೇರಿದವರು, ಮೂರ್ಛೆ ರೋಗದಿಂದ 1994ರಲ್ಲಿ ಹೊರಬಂದರು, ವೈಕಲ್ಯ 20%. ವೈದ್ಯಕೀಯ ಬೋರ್ಡು ‘ಕಾನ್‌ಸ್ಟಿಟ್ಯೂಷನಲ್’ ಎಂದು ಬರೆದಿತ್ತು, ಕಾರಣ ಬರೆದಿರಲಿಲ್ಲ. ಪೆನ್ಶನ್ ಸಿಕ್ಕಿತು. ಆದ್ದರಿಂದ ಬೋರ್ಡಿನ ಕಾಗದದಲ್ಲಿ ನೀವು ಹುಡುಕಬೇಕಾದ್ದು ತೀರ್ಮಾನವನ್ನಲ್ಲ, ಕಾರಣದ ಕಾಲಂ. ಅದು ಖಾಲಿ ಇದೆಯೇ? ಒಂದೇ ಸಾಲಿದೆಯೇ? ಅಲ್ಲಿ ಕೇಸು ಇದೆ.

ಪೆನ್ಶನ್ನಿನಲ್ಲಿ ವೈಕಲ್ಯದ ಪಾಲಿನ ದುಡ್ಡಿನ ಲೆಕ್ಕ ಹೀಗೆ. ಮಿಲಿಟರಿ ಸರ್ವಿಸ್ ಪೇ ಸೇರಿ ಕೊನೆಯ ಸಂಬಳ 40,000 ಎನ್ನಿ. 100% ವೈಕಲ್ಯಕ್ಕೆ ಅದರ 30%, ಅಂದರೆ 12,000. ವೈಕಲ್ಯ 20% ಇದ್ದರೆ 2,400. ಆದರೆ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು, 50ರಿಂದ 75ನ್ನು 75 ಎಂದು, ಅದರ ಮೇಲಿನದನ್ನು 100 ಎಂದು ಹಿಡಿಯುವ ಸೌಲಭ್ಯ ಇದೆ, ಮೊದಲು ಸೇವೆಯ ನಡುವೆ ಹೊರಬಂದವರಿಗಷ್ಟೇ ಕೊಡುತ್ತಿದ್ದರು. ಅವಧಿ ಮುಗಿಸಿ ನಿವೃತ್ತರಾದವರಿಗೂ ಉಂಟು ಎಂದು 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪು ಹೇಳಿತು. ಆಗ 2,400 ಇದ್ದದ್ದು 6,000 ಆಗುತ್ತದೆ, ತುಟ್ಟಿಭತ್ಯೆ ಬೇರೆ.

ಎಲ್ಲಿ ಕೆಡುತ್ತದೆ ಎಂದರೆ, ಮೊದಲನೆಯದಾಗಿ ತಡ. ತಡವಾಗಿ ಬಂದರೂ ಬಾಗಿಲು ಮುಚ್ಚಿರುವುದಿಲ್ಲ, ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ. ಹತ್ತು ವರ್ಷ ಸುಮ್ಮನಿದ್ದವರು ಏಳು ವರ್ಷದ ಹಣ ಕಳೆದುಕೊಂಡಂತೆ. ಎರಡನೆಯದು, ತಮಗೆ ಯಾವ ನಿಯಮ ಅನ್ವಯ ಎಂದು ನೋಡದೆ ತೀರ್ಪು ಅಂಟಿಸುವುದು. 1982ರ ನಂತರ 2008ರ ನಿಯಮ ಬಂದಿದೆ, 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸದು. ನೀವು ಹೊರಬಂದ ತಾರೀಖು ಯಾವ ನಿಯಮದ ಕೆಳಗೆ ಬೀಳುತ್ತದೆ ಎಂದು ಮೊದಲು ನೋಡಿ, ಆಮೇಲೆ ವಾದ.

ಹಾದಿಯ ಅನುಕ್ರಮವೂ ಮುಖ್ಯ. ಮೊದಲು ಇಲಾಖೆಯೊಳಗಿನ ಅಪೀಲು. ಅಲ್ಲಿ ಸೋತರೆ, ಅಥವಾ ಆರು ತಿಂಗಳಾದರೂ ಉತ್ತರ ಬರದಿದ್ದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. ಅಲ್ಲಿ ಕೂಡುವವರು ಇಬ್ಬರು, ಒಬ್ಬ ನ್ಯಾಯಾಂಗದ ಸದಸ್ಯ, ಒಬ್ಬ ಸೈನ್ಯದ ಹಿರಿಯ ಅಧಿಕಾರಿಯಾಗಿದ್ದವರು. ಜಡ್ಜ್ ಮತ್ತು ಸೈನಿಕ ಒಂದೇ ಬೆಂಚಿನಲ್ಲಿ. ಡೆನ್ನಿಂಗ್ ಇಬ್ಬರೂ ತಾವೇ ಆಗಿದ್ದರು! ಅಲ್ಲೂ ಸೋತರೆ ಸುಪ್ರೀಂ ಕೋರ್ಟೇ ಗತಿ, ಅದೂ ಸಾರ್ವಜನಿಕ ಮಹತ್ವದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಎಂಬ ಸ್ಥಿತಿ 2015ರಿಂದ ಕೆಲವು ವರ್ಷ ಇತ್ತು. 2023ರ ಮಾರ್ಚಿನ ಪರಶೋತ್ತಮ್ ದಾಸ್ ತೀರ್ಪು ಹೈಕೋರ್ಟಿನ ರಿಟ್ ಅಧಿಕಾರ, ಅಂದರೆ ಸಂವಿಧಾನದ 226ನೇ ವಿಧಿಯ ಕೆಳಗೆ ಇಂಥ ಆದೇಶಗಳನ್ನು ಪರಿಶೀಲಿಸುವ ಅಧಿಕಾರ, ಹಾಗೇ ಇದೆ ಎಂದು ಸ್ಪಷ್ಟಪಡಿಸಿತು. ಧಾರವಾಡದ ಹತ್ತಿರ ಹೆದ್ದಾರಿಯ ಪಕ್ಕದ ಬೇಲೂರಿನಲ್ಲಿರುವ (ಹಾಸನದ ಬೇಲೂರಲ್ಲ) ನಮ್ಮ ಹೈಕೋರ್ಟ್ ಪೀಠ, 2008ರಲ್ಲಿ ಸಂಚಾರಿಯಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು, ಹೀಗೆ ಮತ್ತೆ ನಿಮ್ಮ ಹಾದಿಗೆ ಬಂತು. ಒಂದು ಎಚ್ಚರ: ಕೊಚ್ಚಿಯ ಆದೇಶವನ್ನು ಧಾರವಾಡದಲ್ಲಿ ಹೇಗೆ ಪ್ರಶ್ನಿಸುತ್ತೀರಿ ಎಂದು ಎದುರಿನ ವಕೀಲರು ವ್ಯಾಪ್ತಿಯ ತಕರಾರು ತೆಗೆಯಬಹುದು. 226ನೇ ವಿಧಿಯ 2ನೇ ಖಂಡ ಅದಕ್ಕೆ ಉತ್ತರ. ವ್ಯಾಜ್ಯದ ಕಾರಣದ ಒಂದು ಭಾಗ ಇಲ್ಲಿ ಹುಟ್ಟಿದ್ದರೂ ಸಾಕು. ನಿರಾಕರಣೆಯ ಪತ್ರ ನಿಮಗೆ ತಲುಪಿದ ವಿಳಾಸ, ಪೆನ್ಶನ್ ಜಮಾ ಆಗುವ ಬ್ಯಾಂಕಿನ ಶಾಖೆ, ಇವನ್ನು ಅರ್ಜಿಯಲ್ಲೇ ಬರೆಯಿರಿ.

ಕೊನೆಗೆ ಕಾಗದಗಳು. 2008ರ ನಿಯಮದಲ್ಲಿ ಒಂದು ಸಾಲು ಇದೆ: ಬಿಡುಗಡೆಯಾಗಿ 15 ವರ್ಷ ಕಳೆದಮೇಲೆ, ಅಷ್ಟರಲ್ಲಿ ಸೇವಾ ದಾಖಲೆ ನಾಶವಾಗಿದ್ದರೆ, ಸಾಬೀತಿನ ಹೊರೆ ತಿರುಗಿ ಅರ್ಜಿದಾರನ ಮೇಲೆ. ಆದ್ದರಿಂದ ಮನೆಯ ಟ್ರಂಕು ತೆರೆದು ಮೂರು ಕಾಗದ ಹುಡುಕಿ: ಸೇರುವಾಗಿನ ವೈದ್ಯಕೀಯ ತಪಾಸಣೆ, ಡಿಸ್ಚಾರ್ಜ್ ಬುಕ್, ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ. ಮೂರನೆಯದರ ಫಾರ್ಮಿನ ಹೆಸರು ಎಎಫ್‌ಎಂಎಸ್‌ಎಫ್-16. ಇಲ್ಲದಿದ್ದರೆ ಸೈನಿಕ ಸಂಖ್ಯೆ, ಹುದ್ದೆ, ಬಿಡುಗಡೆಯ ತಾರೀಖು ಬರೆದು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹೊರಬಂದು 12, 13 ವರ್ಷ ಆದವರು ಈ ವಾರವೇ ಹಾಕಿ.